ವೆಂಟಿಲೇಟರ್‌ನಲ್ಲಿ ಇರುವವರ ಕಾಲನ್ನೂ ಸ್ವಲ್ಪ ನೋಡಿ

ನ್ಯುಮೋನಿಯಾ ಆಗಿ ನಮ್ಮಪ್ಪ ಹನ್ನೊಂದು ದಿನ ವೆಂಟಿಲೇಟರ್‌ನಲ್ಲಿದ್ದರು. ಜೀವ ಉಳಿಯಿತು, ಅದಕ್ಕೆ ಆ ಡಾಕ್ಟರು, ನರ್ಸುಗಳಿಗೆ ಇವತ್ತಿಗೂ ಕೈ ಮುಗಿಯುತ್ತೇನೆ. ಆದರೆ ಪೈಪ್ ತೆಗೆದ ಮೇಲೆ ಗಂಜಿ ಕೊಟ್ಟರೆ ಅಪ್ಪನಿಗೆ ಚಮಚ ಎತ್ತಲು ಆಗಲಿಲ್ಲ. ಹೊದಿಕೆ ಸರಿಸಿ ನೋಡಿದೆ. ನಲವತ್ತು ವರ್ಷ ಗದ್ದೆಯಲ್ಲಿ ದುಡಿದ ಕಾಲು, ತೊಡೆಯಲ್ಲಿ ಮಾಂಸವೇ ಇರಲಿಲ್ಲ.

ಹೀಗಾಗಬಹುದು ಅಂತ ನಮಗೆ ಯಾರೂ ಹೇಳಿರಲಿಲ್ಲ. ಇದೇನು ಹೊಸ ವಿಷಯವೂ ಅಲ್ಲ. ಐಸಿಯುನಲ್ಲಿದ್ದ 63 ರೋಗಿಗಳ ಮೇಲೆ ಇಂಗ್ಲೆಂಡಿನಲ್ಲಿ ನಡೆದ ಅಧ್ಯಯನ 2013ರಲ್ಲೇ ಬಂದಿದೆ. ಹತ್ತೇ ದಿನದಲ್ಲಿ ತೊಡೆಯ ಸ್ನಾಯು ಸುಮಾರು 18 ಪರ್ಸೆಂಟ್ ಕರಗಿತ್ತು. ಉಸಿರಾಟದ ಮುಖ್ಯ ಸ್ನಾಯು ಡಯಾಫ್ರಮ್ ಕಥೆ ಇನ್ನೂ ಕಷ್ಟ, ಅದರ ಕೆಲಸವನ್ನು ಮಷೀನೇ ಮಾಡುತ್ತಿರುತ್ತದಲ್ಲ, 18ರಿಂದ 69 ಗಂಟೆ ವೆಂಟಿಲೇಟರ್‌ನಲ್ಲಿದ್ದವರಲ್ಲೇ ಅದರ ಎಳೆಗಳು ಅರ್ಧಕ್ಕಿಂತ ಸಣ್ಣಗಾಗಿದ್ದನ್ನು ಅಮೆರಿಕದಲ್ಲಿ 2008ರಲ್ಲಿ ತೋರಿಸಿದ್ದರು. ಮೂರು ದಿನವೂ ತುಂಬಿಲ್ಲ, ನೋಡಿ. ಕೆಲವರನ್ನು ಮಷೀನಿನಿಂದ ಬಿಡಿಸೋದು ಕಷ್ಟವಾಗುವುದಕ್ಕೆ ಇದೂ ಒಂದು ಕಾರಣ.

ಆಗ ನೆಂಟರು ಸುಮ್ನೆ ಇರುತ್ತಾರಾ? ಚಿಕ್ಕಪ್ಪ, ಮೈಮೇಲಿನ ಬಿಂದುಗಳಿಗೆ ಸೂಜಿ ಚುಚ್ಚಿ ಚಿಕಿತ್ಸೆ ಕೊಡುವ ಅಕ್ಯುಪಂಕ್ಚರ್‌ನವರನ್ನು ಕರೆಸೋಣ ಅಂದರು. ಇನ್ನೊಬ್ಬರು ಸ್ನಾಯುವಿಗೆ ಕರೆಂಟ್ ಕೊಡೋ ಮಷೀನ್ ಬಾಡಿಗೆಗೆ ಸಿಗುತ್ತದೆ ಅಂದರು. ನಾನು ರಾತ್ರಿಯೆಲ್ಲಾ ಕೂತು ಓದಿದೆ.

ಕರೆಂಟಿನ ಯೋಚನೆಯಲ್ಲಿ ಅರ್ಥವಿದೆ. ತೊಡೆಗೆ ಪ್ಯಾಡ್ ಅಂಟಿಸಿ ಸಣ್ಣಗೆ ಕರೆಂಟ್ ಕೊಟ್ಟರೆ, ಮತ್ತಿನಲ್ಲಿರುವ ರೋಗಿಯ ಸ್ನಾಯುವೂ ಬಿಗಿದು ಸಡಿಲವಾಗುತ್ತದೆ, ಅವರು ಪ್ರಯತ್ನ ಪಡಬೇಕಿಲ್ಲ. ಗ್ರೀಸ್‌ನಲ್ಲಿ ಮೊದಮೊದಲು ಒಳ್ಳೆಯ ಫಲಿತಾಂಶ ಬಂದಿತ್ತು. ಆಮೇಲೆ ನಡೆದ ಅಧ್ಯಯನಗಳು ಒಂದೊಂದು ಒಂದೊಂದು ಥರ ಹೇಳುತ್ತವೆ. ಮೈ ಊದಿಕೊಂಡಿದ್ದರೆ ಸ್ನಾಯು ಸರಿಯಾಗಿ ಬಿಗಿಯುವುದೇ ಇಲ್ಲ, ಐಸಿಯುನಲ್ಲಿ ಊದಿಕೊಳ್ಳದವರು ಎಷ್ಟು ಜನ? ಪೇಸ್‌ಮೇಕರ್ ಇದ್ದವರಿಗಂತೂ ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು.

ಅಕ್ಯುಪಂಕ್ಚರ್ ವಿಷಯಕ್ಕೆ ಬಂದರೆ, ಜರ್ಮನಿಯಲ್ಲಿ ವೆಂಟಿಲೇಟರ್‌ನಲ್ಲಿದ್ದ 30 ರೋಗಿಗಳಿಗೆ ಮಣಿಕಟ್ಟಿನ ಹತ್ತಿರದ ಒಂದು ಬಿಂದುವಿನ ಮೇಲೆ, ಸೂಜಿ ಚುಚ್ಚದೆ, ಚರ್ಮದ ಮೇಲಿನಿಂದಲೇ ಕರೆಂಟ್ ಕೊಟ್ಟು ನೋಡಿದ್ದರು. ಟ್ಯೂಬಿನಲ್ಲಿ ಕೊಟ್ಟ ಆಹಾರ ಹೊಟ್ಟೆಯಿಂದ ಚೆನ್ನಾಗಿ ಮುಂದೆ ಹೋಯಿತು. ಒಳ್ಳೆಯದೇ. ಆದರೆ ಅದು ಹೊಟ್ಟೆಯ ಮಾತು, ಕರಗಿದ ತೊಡೆಯ ಮಾತಲ್ಲ. ಅಪ್ಪನಿಗೆ ರಕ್ತ ಹೆಪ್ಪುಗಟ್ಟದಂತೆ ಇಂಜೆಕ್ಷನ್ ನಡೆಯುತ್ತಿತ್ತು, ಸೂಜಿ ಬೇಡವೇ ಬೇಡ ಅಂತ ಡಾಕ್ಟರು ಹೇಳಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

ಇವೆರಡನ್ನೂ ನಾನು ಮೋಸ ಅನ್ನುವುದಿಲ್ಲ. ದೊಡ್ಡ ಮಟ್ಟದಲ್ಲಿ ಪರೀಕ್ಷೆ ಮಾಡಲಿ. ಆದರೆ ಐಸಿಯು ಹೊರಗಿನ ಬೆಂಚಿನಲ್ಲಿ ಕೂತವರು ಯಾವ ಪೇಪರ್ ಕೊಟ್ಟರೂ ಸಹಿ ಹಾಕುತ್ತಾರೆ. ಅಂಥವರಿಗೆ ಇದನ್ನು ಪ್ಯಾಕೇಜ್ ಮಾಡಿ ಮಾರಬೇಡಿ.

ನನ್ನ ಸಿಟ್ಟು ಬೇರೆ ಕಡೆ ಇದೆ. ಅಪ್ಪನ ಹತ್ತಿರ ಫಿಸಿಯೋ ಬಂದಿದ್ದೇ ಆರನೇ ದಿನ, ಅದೂ ಹತ್ತು ನಿಮಿಷ. ಅಮೆರಿಕದಲ್ಲಿ 104 ರೋಗಿಗಳನ್ನು ಎರಡು ಗುಂಪು ಮಾಡಿ, ಎಲ್ಲರಿಗೂ ಮತ್ತಿನ ಔಷಧಿ ದಿನಾ ಸ್ವಲ್ಪ ಹೊತ್ತು ನಿಲ್ಲಿಸಿ, ಒಂದು ಗುಂಪಿನವರಿಗೆ ಮಾತ್ರ ಶುರುವಿನಿಂದಲೇ ಕೈಕಾಲು ಆಡಿಸಿ, ಎಬ್ಬಿಸಿ ಕೂರಿಸಿದ್ದರು. ಆಸ್ಪತ್ರೆ ಬಿಡುವಾಗ ಅವರಲ್ಲಿ 59 ಪರ್ಸೆಂಟ್ ಜನ ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಿದ್ದರು, ಉಳಿದ ಗುಂಪಿನಲ್ಲಿ 35. ಹಾಗಂತ ಜಾಸ್ತಿ ಮಾಡಿದರೆ ಜಾಸ್ತಿ ಲಾಭ ಅಂತಲೂ ಅಲ್ಲ, 2022ರಲ್ಲಿ ಬಂದ 750 ರೋಗಿಗಳ ಅಧ್ಯಯನದಲ್ಲಿ ಹೆಚ್ಚು ಹೊತ್ತು ವ್ಯಾಯಾಮ ಮಾಡಿಸಿದವರಿಗೆ ಲಾಭ ಕಾಣಲಿಲ್ಲ, ತೊಂದರೆಗಳು ಹೆಚ್ಚಾದವು. ಎಷ್ಟು ಮಾಡಿಸಬೇಕು ಅಂತ ಗೊತ್ತಿರುವ ಮನುಷ್ಯ ಹಾಸಿಗೆ ಪಕ್ಕ ಇರಬೇಕು, ಅದಕ್ಕೇ ಇಷ್ಟು ಹೇಳಿದ್ದು.

ನಿಮ್ಮವರು ಯಾರಾದರೂ ವೆಂಟಿಲೇಟರ್‌ನಲ್ಲಿದ್ದರೆ ಮೊದಲ ದಿನವೇ ಕೇಳಿ, ಫಿಸಿಯೋ ಯಾವಾಗ ಬರುತ್ತಾರೆ, ದಿನಕ್ಕೆ ಎಷ್ಟು ಸಲ, ನಾವೇನು ಮಾಡಬಹುದು ಅಂತ. ನಮಗೆ ಆ ಫಿಸಿಯೋ ಹುಡುಗಿ ಪಾದವನ್ನು ಹೇಗೆ ಮೇಲೆ ಕೆಳಗೆ ಆಡಿಸಬೇಕು ಅಂತ ತೋರಿಸಿಕೊಟ್ಟಳು. ಆಮೇಲೆ ನೋಡಲು ಬಿಟ್ಟಾಗಲೆಲ್ಲಾ ಅಮ್ಮ ಕೈ ತೊಳೆದುಕೊಂಡು ಒಳಗೆ ಹೋಗಿ, ಮಾತಾಡದೆ, ಅಪ್ಪನ ಪಾದ ಹಿಡಿದು ನಿಲ್ಲುತ್ತಿದ್ದಳು.