ಕಣ್ಣು ಮುಚ್ಚಲ್ಲ ಅಂದ ಹುಡುಗ

ಪ್ರಾರ್ಥನೆ ಮುಗಿದು, ಹಾಲು ಕುಡಿದು ಮಕ್ಕಳೆಲ್ಲ ಒಳಗೆ ಬಂದು ಕೂತಿದ್ದರು. ಆರನೇ ಕ್ಲಾಸು. ನಾನು ಎಂದಿನಂತೆ "ನೆಟ್ಟಗೆ ಕೂತ್ಕೊಳ್ಳಿ, ಕಣ್ಣು ಮುಚ್ಚಿ, ಉಸಿರಿನ ಕಡೆ ಗಮನ ಕೊಡಿ" ಅಂದೆ. ಒಬ್ಬ ಹುಡುಗ ಮಾತ್ರ ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಬಾಗಿಲನ್ನೇ ನೋಡುತ್ತಿದ್ದ. ಹತ್ತಿರ ಹೋಗಿ "ಯಾಕಪ್ಪಾ?" ಅಂದೆ. "ಕಣ್ಣು ಮುಚ್ಚಿದ್ರೆ ರಾತ್ರಿ ಮನೇಲಿ ಆಗಿದ್ದೇ ಕಾಣ್ಸುತ್ತೆ ಮಿಸ್" ಅಂದ. ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ.

ನನಗೆ ಮಾತೇ ಹೊರಡಲಿಲ್ಲ. ಅದಕ್ಕೆ ಸ್ವಲ್ಪ ದಿನ ಮುಂಚೆ ತರಬೇತಿಗೆ ಹೋಗಿ ಬಂದಿದ್ದೆ. ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದಲ್ಲಿ ಆಗುತ್ತಿರುವುದನ್ನು ಸುಮ್ಮನೆ ಗಮನಿಸುವ ಅಭ್ಯಾಸ, ಮಾಡಿಸಿದರೆ ಮಕ್ಕಳ ಮನಸ್ಸು ಗಟ್ಟಿಯಾಗುತ್ತೆ, ದಿನಾ ಹತ್ತು ನಿಮಿಷ ಮಾಡಿಸಿ ಅಂದಿದ್ದರು. ಕಣ್ಣು ಮುಚ್ಚೋಕೇ ಹೆದರುವ ಮಗು ಎದುರಿಗೆ ಕೂತಿದ್ದರೆ ಏನು ಮಾಡಬೇಕು ಅಂತ ಹೇಳಿರಲಿಲ್ಲ.

ಆಮೇಲೆ ನಾನೇ ಹುಡುಕಿ ಓದಿದೆ. ಈಗ ಎಲ್ಲ ಕಡೆ ನಡೆಯುವ ಈ ತರಬೇತಿಯ ಬೇರು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್-ಜಿನ್ ಅನ್ನೋ ವಿಜ್ಞಾನಿ ಶುರು ಮಾಡಿದ ಕಾರ್ಯಕ್ರಮದಲ್ಲಿದೆ. ಅಲ್ಲಿಗೆ ಬರುತ್ತಿದ್ದವರು ದೊಡ್ಡವರು. ಎಷ್ಟೋ ಕಾಲದಿಂದ ಬಿಡದ ನೋವು, ಒತ್ತಡ ಕಮ್ಮಿಯಾಗಲಿ ಅಂತ ಬಂದವರು. ನಮ್ಮ ಮಕ್ಕಳು ಹಾಗಲ್ಲ ಅಲ್ವಾ? ಬೆಲ್ ಹೊಡೆದಿದೆ, ಮಿಸ್ ಹೇಳಿದ್ದಾರೆ, ಅದಕ್ಕೆ ಕೂತಿದ್ದಾರೆ.

ಬ್ರಿಟನ್ನಿನವರು ಇದನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿ ನೋಡಿದರು. ಮಿರಿಯಡ್ ಅಂತ ಅಧ್ಯಯನದ ಹೆಸರು. 85 ಶಾಲೆ, ಎಂಟು ಸಾವಿರಕ್ಕೂ ಜಾಸ್ತಿ ಮಕ್ಕಳು. ಅದರ ಫಲಿತಾಂಶ 2022ರಲ್ಲಿ ಬಂತು. ಭಾವನೆ, ಒಡನಾಟದ ಬಗ್ಗೆ ಶಾಲೆಗಳು ಮೊದಲಿಂದ ಮಾಡುತ್ತಿದ್ದ ಪಾಠಕ್ಕಿಂತ ಮೈಂಡ್‌ಫುಲ್‌ನೆಸ್ ತರಗತಿಯಿಂದ ಮಕ್ಕಳಿಗೆ ಹೆಚ್ಚಿನ ಲಾಭವೇನೂ ಆಗಿರಲಿಲ್ಲ. ಹೆಚ್ಚಿನ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಮೊದಲೇ ಮನಸ್ಸಿನ ತೊಂದರೆಯ ಅಂಚಿನಲ್ಲಿದ್ದ ಮಕ್ಕಳಿಗಂತೂ ಸ್ವಲ್ಪ ಕೆಟ್ಟದ್ದೇ ಆಗಿರುವ ಸೂಚನೆ ಇತ್ತು. ಇದನ್ನು ಓದುವಾಗ ಬೆಂಚು ಹಿಡಿದು ಕೂತಿದ್ದ ಆ ಪುಟ್ಟ ಕೈಗಳೇ ಕಣ್ಣ ಮುಂದೆ ಬಂದವು.

ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ಇದೆ, ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ. ಮಕ್ಕಳಿಗೆ ಕಲಿಸೋಕೆ ಅಂತ ತರಬೇತಿ ಪಡೆದ ಟೀಚರುಗಳ ಬಳಲಿಕೆ ಕಮ್ಮಿಯಾಗಿತ್ತು, ಕೊನೆಪಕ್ಷ ಸ್ವಲ್ಪ ಕಾಲಕ್ಕಾದರೂ. ನನಗೆ ಇದು ಚೆನ್ನಾಗಿ ಅರ್ಥವಾಗುತ್ತೆ. ರಾತ್ರಿ ನಿದ್ದೆಯಿಲ್ಲದೆ, ಬಸ್ಸಲ್ಲಿ ನಿಂತು ಬಂದು, ಯಾವುದೋ ವರದಿ ಕಳಿಸುವ ಗಡಿಬಿಡಿಯಲ್ಲಿ ನಾನು ಕೂಗಾಡಿದ ದಿನ ಇಡೀ ಕ್ಲಾಸು ಕದಡಿದ ನೀರಾಗುತ್ತೆ. ಅವತ್ತು ಯಾವ ಉಸಿರಾಟ ಮಾಡಿಸಿದರೂ ಅಷ್ಟೇ.

ಹಾಗಂತ ನಾನು ಬಿಟ್ಟಿಲ್ಲ, ಮಾಡಿಸುವ ರೀತಿ ಬದಲಾಯಿಸಿದ್ದೇನೆ. ಈಗ ಕಣ್ಣು ತೆರೆದೇ ಕೂರಬಹುದು. ಬೇಡ ಅಂದವರು ಚಿತ್ರ ಬರೆಯಬಹುದು. ಪೂಜೆಯ ಗಂಟೆ ಒಂದು ಸಲ ಬಾರಿಸುತ್ತೇನೆ, ಸದ್ದು ಪೂರ್ತಿ ನಿಂತಿತು ಅನಿಸಿದಾಗ ಕೈ ಎತ್ತಬೇಕು, ಅಷ್ಟೇ. ಬಿಸಿಯೂಟದ ಜೊತೆ ಬಾಳೆಹಣ್ಣು ಕೊಟ್ಟ ದಿನ ಮೊದಲ ತುತ್ತನ್ನು ಮಾತಾಡದೆ, ನಿಧಾನ ತಿನ್ನುತ್ತೇವೆ. ಆ ಹುಡುಗನ ಜೊತೆ ಮಾತ್ರ ಬೇರೆಯೇ ಕೆಲಸ ಇತ್ತು. ಊಟದ ಬಿಡುವಲ್ಲಿ ಪಕ್ಕ ಕೂತು ಅವನು ಹೇಳಿದ್ದನ್ನು ಕೇಳೋದು, ಅವರಮ್ಮನನ್ನು ಕರೆದು ಮಾತಾಡೋದು. ಮನಸ್ಸಿನ ತೊಂದರೆಗೆ ಸಲಹೆ ಕೊಡುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ 14416 ನಂಬರನ್ನು ಆಕೆಗೆ ಬರೆದುಕೊಟ್ಟೆ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಬೆಂಕಿ ಬಿದ್ದಿರುವಾಗ ಮಗುವಿಗೆ ಉಸಿರು ಗಮನಿಸು ಅನ್ನೋದು ಯಾವ ನ್ಯಾಯ?

ನನಗೆ ನಿಜವಾಗಿ ಸಿಟ್ಟು ಬಂದದ್ದು ಹೋದ ವರ್ಷ. ಪರಿಚಯದವರ ಮಗಳ ಶಾಲೆಯಲ್ಲಿ ಮೈಂಡ್‌ಫುಲ್‌ನೆಸ್ ಪೀರಿಯಡ್‌ಗೆ ಜಾಗ ಮಾಡೋಕೆ ವಾರಕ್ಕೆ ಎರಡು ಆಟದ ಪೀರಿಯಡ್ ತೆಗೆದರಂತೆ. ಬಿಸಿಲಲ್ಲಿ ಕುಂಟೆಬಿಲ್ಲೆ ಆಡಿ ಬೆವರಿ ಬಂದ ಮಗುವಿನ ಮುಖ ನೋಡಿದ್ದೀರಾ? ಅದನ್ನು ಕಿತ್ತುಕೊಂಡು ನೆಮ್ಮದಿಯ ಪಾಠ ಹೇಳಬಾರದು.

ನಿಮ್ಮ ಮಗುವಿನ ಶಾಲೆಯಲ್ಲೂ ಇಂಥ ಕ್ಲಾಸು ಇದ್ದರೆ ದಯವಿಟ್ಟು ಹೋಗಿ ಕೇಳಿ. ಕಣ್ಣು ತೆರೆದು ಕೂರಬಹುದಾ? ಬೇಡ ಅಂದರೆ ಬಿಡ್ತೀರಾ? ಇದಕ್ಕೆ ಯಾವ ಪೀರಿಯಡ್ ಹೋಯ್ತು? ಟೀಚರಿಗೂ ಒಂದೈದು ನಿಮಿಷ ಸುಮ್ನೆ ಕೂರೋಕೆ ಬಿಡುವು ಕೊಟ್ಟಿದ್ದೀರಾ?