ಝೆಡ್ ಅನ್ನೋ ಕಸ

ಮೊನ್ನೆ ಭಾನುವಾರ ನನಗಿದ್ದದ್ದು ಒಂದೇ ಕೆಲಸ. ಟಿಪ್ಪಣಿಗಳ ಫೋಲ್ಡರ್‌ನಲ್ಲಿ 212 ಫೈಲ್‌ಗಳಿದ್ದವು. ಅಷ್ಟರಲ್ಲೂ ಒಂದೇ ಪದವನ್ನು ತಪ್ಪಾಗಿ ಬರೆದಿಟ್ಟಿದ್ದೆ. ಒಂದೊಂದಾಗಿ ತೆರೆದು ತಿದ್ದಿದ್ದರೆ ಮಧ್ಯಾಹ್ನದೊಳಗೆ ಮುಗಿಯುತ್ತಿತ್ತು. ಆದರೆ ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡಿ ಕಂಪ್ಯೂಟರ್‌ಗೆ ಕೆಲಸ ಹೇಳೋ ಪರದೆ, ಗೊತ್ತಿರುವವನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು?

ಫೈಲ್‌ಗಳಲ್ಲಿ ಪದ ಬದಲಿಸೋ ಕಮಾಂಡ್ ಸೆಡ್‌ಗೆ ಹೇಳಿದೆ. ಇಂಥ ಕಮಾಂಡ್‌ಗಳಿಗೆ ಕೆಲಸ ಹೇಗೆ ಮಾಡಬೇಕು ಅಂತ ಹೇಳೋದು ಸಾಮಾನ್ಯವಾಗಿ ಮೈನಸ್ ಹಾಕಿ ಬರೆಯೋ ಒಂದೊಂದು ಅಕ್ಷರದಿಂದ. ಫೈಲ್‌ನೊಳಗೇ ತಿದ್ದು ಅನ್ನೋದಕ್ಕೆ ‘ಐ’. ಮುಂದೆ ಬರೋದೇ ತಿದ್ದುಪಡಿ ಅನ್ನೋದಕ್ಕೆ ‘ಇ’. ಬೇರೆ ಬೇರೆ ಬರೆದರೆ ಎರಡೂ ಸಾಧು ಪ್ರಾಣಿಗಳು. ನಾನು ಒಂದು ಮೈನಸ್ ಉಳಿಸೋಣ ಅಂತ ಎರಡನ್ನೂ ಅಂಟಿಸಿ ‘ಮೈನಸ್ ಐಇ’ ಅಂತ ಒತ್ತಿದೆ. ಸೆಡ್ ಲೆಕ್ಕ ಬೇರೆ. ‘ಐ’ಗೆ ಏನೇ ಅಂಟಿಕೊಂಡಿದ್ದರೂ ಅದು ಹಳೇ ಪ್ರತಿಗೆ ಹಚ್ಚಬೇಕಾದ ಬಾಲ. ಪದವೇನೋ ಸರಿಹೋಯಿತು. ಜೊತೆಗೆ ಒಂದೊಂದು ಫೈಲ್‌ಗೂ ‘ಇ’ ಬಾಲದ ಒಂದೊಂದು ಅವಳಿ ಹುಟ್ಟಿತು. 212 ಇದ್ದದ್ದು 424 ಆಯಿತು.

ನನಗೆ ಇದು ಹೊಸದೇನಲ್ಲ. ಹಿಂದೊಮ್ಮೆ ಹೆಸರುಗಳ ಪಟ್ಟಿಯೊಂದರಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆಯಲು, ಸಾಲುಗಳನ್ನು ಕ್ರಮವಾಗಿ ಜೋಡಿಸೋ ಸಾರ್ಟ್‌ಗೆ ‘ಯು’ ಕೊಡಬೇಕಿತ್ತು. ಬೆರಳಿನ ಅಭ್ಯಾಸಕ್ಕೆ ‘ಎನ್’ ಕೂಡ ಸೇರಿಕೊಂಡಿತು. ‘ಎನ್’ ಅಂದರೆ ಎಲ್ಲವನ್ನೂ ಅಂಕಿಯಾಗಿ ನೋಡು ಅಂತ. ಅಂಕಿಯ ಕಣ್ಣಿಗೆ ಯಾವ ಹೆಸರಾದರೂ ಸೊನ್ನೆ. ಎಲ್ಲರೂ ಸೊನ್ನೆ ಆದಮೇಲೆ ಎಲ್ಲರೂ ಒಂದೇ ಅಲ್ವಾ? ಇಡೀ ಪಟ್ಟಿಯಲ್ಲಿ ಒಬ್ಬರು ಉಳಿದರು.

ಇರಲಿ. ಈಗ ಆ ಬಾಲದ ಫೈಲ್‌ಗಳನ್ನು ಅಳಿಸಬೇಕು. ಅಳಿಸೋ ಮುಂಚೆ ಬ್ಯಾಕಪ್ ತಗೋಬೇಕು ಅನ್ನೋ ಬುದ್ಧಿ ನನಗೂ ಇದೆ. ಫೋಲ್ಡರ್‌ನಿಂದ ಹೊರಗೆ ಬಂದು ಫೈಲ್‌ಗಳನ್ನೆಲ್ಲ ಒಂದೇ ಗಂಟಾಗಿ ಕಟ್ಟೋ ಟಾರ್ ಕರೆದೆ. ಹೊಸ ಗಂಟು ಕಟ್ಟಲು ‘ಸಿ’, ಕಟ್ಟುವಾಗ ಹೆಸರು ಕೂಗಲು ‘ವಿ’, ಗಂಟಿನ ಹೆಸರಿಗೆ ‘ಎಫ್’, ಹಿಂಡಿ ಚಿಕ್ಕದು ಮಾಡಲು ‘ಝೆಡ್’. ಒಂದು ಮೈನಸ್ ಹಾಕಿ ನಾಲ್ಕನ್ನೂ ಇದೇ ಸಾಲಿನಲ್ಲಿ ನಿಲ್ಲಿಸಿ, ಮುಂದೆ ಬ್ಯಾಕಪ್‌ಗೆ ಒಂದು ಚೆಂದದ ಹೆಸರು, ಆಮೇಲೆ ಫೋಲ್ಡರ್ ಹೆಸರು ಬರೆದೆ. ಪರದೆ ತುಂಬ ಫೈಲ್ ಹೆಸರುಗಳು ಸರಸರ ಓಡಿದವು. ಕೊನೆಯಲ್ಲಿ, ಹಿಂದೆ ಏನೋ ತಪ್ಪಾಗಿದೆ ಅಂತ ಒಂದು ಸಾಲು. ಹಿಂದೆ ತಪ್ಪಾಗದೇ ಇರೋರು ಯಾರಿದ್ದಾರೆ ಅಂದುಕೊಂಡು ಮುಂದೆ ಹೋದೆ.

ಅಷ್ಟರಲ್ಲಿ ‘ಝೆಡ್’ ಅಂತ ಒಂದಕ್ಷರದ ಫೈಲ್ ಕಣ್ಣಿಗೆ ಬಿತ್ತು. ಇದ್ಯಾವ ಕಸ? ಫೈಲ್ ಅಳಿಸೋ ಆರ್‌ಎಂ ಕರೆದೆ. ನನ್ನ ಆರ್‌ಎಂಗೆ ಹಿಂದಿನ ಯಾವುದೋ ಅನಾಹುತದ ನಂತರ ‘ಐ’ ಕಟ್ಟಿಬಿಟ್ಟಿದ್ದೇನೆ. ಪ್ರತಿ ಸಲವೂ ‘ಅಳಿಸಲಾ?’ ಅಂತ ಕೇಳುತ್ತದೆ. ಆವತ್ತು ಅದರ ಉಪಚಾರ ಸಾಕು ಅನಿಸಿ ‘ಎಫ್’ ಸೇರಿಸಿದೆ. ಕೇಳು ಅನ್ನೋ ‘ಐ’, ಕೇಳಬೇಡ ಅನ್ನೋ ‘ಎಫ್’ ಎರಡೂ ಇದ್ದಾಗ ಆರ್‌ಎಂ ಪಂಚಾಯಿತಿ ಮಾಡೋದಿಲ್ಲ. ಕೊನೆಗೆ ಮಾತಾಡಿದವರ ಮಾತು ಕೇಳುತ್ತದೆ. ಝೆಡ್ ತೆಪ್ಪಗೆ ಹೋಯಿತು.

ಮತ್ತೆ ಫೋಲ್ಡರ್‌ನೊಳಗೆ ಹೋಗಿ ಫೈಲ್ ಹುಡುಕೋ ಫೈಂಡ್‌ಗೆ ಎರಡು ಮಾತು ಹೇಳಿದೆ. ಅಳಿಸು. ಹೆಸರಿನ ಕೊನೆಗೆ ‘ಇ’ ಬಾಲ ಇರೋದನ್ನ. ನಮ್ಮ ನಿಮ್ಮಂಥವರಿಗೆ ಇದು ಒಂದೇ ವಾಕ್ಯ. ಫೈಂಡ್ ಮಾತ್ರ ಎಡದಿಂದ ಬಲಕ್ಕೆ ಒಂದೊಂದೇ ಮಾತು ಪಾಲಿಸುವ ವಿಧೇಯ. ಪ್ರತಿ ಫೈಲನ್ನೂ ಮೊದಲು ಅಳಿಸಿತು, ಆಮೇಲೆ ಬಾಲ ಇತ್ತಾ ಅಂತ ನೋಡಿತು. ‘ಡಿಲೀಟ್’ ಅನ್ನು ಮೊದಲು ಇಟ್ಟರೆ ಎಲ್ಲವೂ ಹೋಗುತ್ತೆ ಅಂತ ಅದರ ಕೈಪಿಡಿಯಲ್ಲೇ ಎಚ್ಚರಿಕೆ ಇದೆ. ಓದಿದೆ, ಅವತ್ತು ಸಂಜೆ.

ಬ್ಯಾಕಪ್ ಇದೆಯಲ್ಲ, ಭಯ ಯಾಕೆ ಅಂತ ಹುಡುಕಿದೆ. ಆ ಚೆಂದದ ಹೆಸರಿನ ಫೈಲ್ ಎಲ್ಲೂ ಇಲ್ಲ. ಗೆಳೆಯನಿಗೆ ಫೋನ್ ಮಾಡಿ ಕಮಾಂಡ್ ಓದಿ ಹೇಳಿದೆ.

“ಆ ಮೈನಸ್ ಯಾಕೋ ಹಾಕ್ದೆ? ಅದಿಲ್ದೇ ಇದ್ದಿದ್ರೆ ಸರಿಹೋಗ್ತಿತ್ತು” ಅಂದ.

ತಮಾಷೆ ಅಂದುಕೊಂಡೆ. ಅಲ್ಲವಂತೆ. ಟಾರ್ 1979ರ ಯುನಿಕ್ಸ್ ಆಪರೇಟಿಂಗ್ ಸಿಸ್ಟಂನ ಏಳನೇ ಆವೃತ್ತಿಯ ಜೊತೆ ಬಂದ ಹಳೇ ಜೀವ. ಮೈನಸ್ ಇಲ್ಲದಿದ್ದರೆ ಅಕ್ಷರಗಳನ್ನೆಲ್ಲ ಮೊದಲು ಓದಿಕೊಂಡು, ‘ಎಫ್’ಗೆ ಬೇಕಾದ ಹೆಸರನ್ನು ಮುಂದಿನ ಮಾತಿನಿಂದ ತಗೊಳ್ಳುತ್ತದೆ. ಮೈನಸ್ ಹಾಕಿದರೆ ಹೊಸ ಕಾಲದ ನಿಯಮ. ‘ಎಫ್’ ತನ್ನ ಪಕ್ಕದಲ್ಲೇ ನಿಂತವನನ್ನು ಹಿಡಿದು ಇವನೇ ಗಂಟಿನ ಹೆಸರು ಅಂದುಬಿಡುತ್ತದೆ. ನಾನು ಕೊಟ್ಟ ಹೆಸರನ್ನು ಗಂಟಿಗೆ ತುಂಬಬೇಕಾದ ಸಾಮಾನು ಅಂದುಕೊಂಡು ಹುಡುಕುತ್ತದೆ, ಸಿಗದೆ ಗೊಣಗುತ್ತದೆ.

“ಹಂಗಾದ್ರೆ ನನ್ನ ಬ್ಯಾಕಪ್?”

“ಏನೂ ಆಗಿಲ್ಲ ಕಣೋ, ಗಾಬರಿ ಆಗ್ಬೇಡ. ಫೈಲ್‌ಗಳೆಲ್ಲ ಅದರೊಳಗೆ ಹೋಗಿವೆ. ಹೊರಗಡೆ ಫೋಲ್ಡರ್‌ನಲ್ಲಿ ‘ಝೆಡ್’ ಅಂತ ಒಂದು ಫೈಲ್ ಇರುತ್ತೆ, ನೋಡು.”

ನಾನು ನೋಡೋಕೆ ಹೋಗಲಿಲ್ಲ.