ಕ್ರೀಪರ್ರು, ಹಂದಿ ಮತ್ತೆ ನಮ್ಮವ್ವ

ದಿನಕ್ಕೊಂದು ವಿಡಿಯೋ ಗೇಮ್ ಗೊಂಬೆ, ಅದೂ ಬರೀ ಪೇಪರ್‌ನಾಗೆ ಮಾಡಿ ರಾತ್ರಿ ಹನ್ನೆರಡರೊಳಗೆ ಫೋಟೊ ಕಳಿಸ್ಬೇಕು, ತಪ್ಪಿಸ್ದೋನು ಎಲ್ರಿಗೂ ಬೆಣ್ಣೆದೋಸೆ ಕೊಡಿಸ್ಬೇಕು ಅಂತ ಫ್ರೆಂಡ್ಸ್ ಎಲ್ಲ ಸೇರಿ ಒಂದು ಚಾಲೆಂಜ್ ಹಚ್ಕೊಂಡೀವಿ. ದಾವಣಗೆರೆನಾಗೆ ಇದಕ್ಕಿಂತ ಸೀರಿಯಸ್ ಬೆಟ್ ಇಲ್ಲ ಬಿಡ್ರಿ, ಒಬ್ಬೊಬ್ರು ನಾಲ್ಕು ನಾಲ್ಕು ಇಳಿಸೋ ಪೈಕಿ.

ಟೆಟ್ರಿಸ್ಸು ಸುಲಭಕ್ಕೆ ಮುಗೀತು, ಇರೋದೇ ಏಳು ಆಕಾರ. ಆಮೇಲೆ 1980ರ ಪ್ಯಾಕ್‌ಮ್ಯಾನ್ ದೆವ್ವಗಳು. ಬ್ಲಿಂಕಿ, ಇಂಕಿ, ಕ್ಲೈಡ್ ಆಯ್ತು, ಪಿಂಕಿನ ಕಟ್ ಮಾಡಿ ಟೇಬಲ್ ಮೇಲೆ ಇಟ್ಟು ಫೆವಿಕಾಲ್ ಹುಡುಕಕ್ಕೆ ಹೋಗಿ ಬರೋದ್ರೊಳಗೆ ಅಪ್ಪ ಮಂಡಕ್ಕಿ ಮಿರ್ಚಿ ಕಟ್ಟಿಸ್ಕೊಂಡು ಬಂದು, ಬಿಸಿ ಮಿರ್ಚಿ ಅದರ ಮೇಲೇ ಸುರುವಿ ಎಣ್ಣೆ ಒತ್ತಕ್ಕತ್ತಿದ್ರು. ಬೇರೆ ಪ್ರಿಂಟ್ ತೆಗಿಸಕ್ಕೆ ಟೈಮಿಲ್ಲ, ಹಂಗೇ ಅಂಟಿಸಿ ಫೋಟೊ ಹಾಕ್ದೆ. ಎಣ್ಣೆ ಕುಡಿದ ಜಾಗ ಎಲ್ಲ ಆಚೆ ಈಚೆ ಕಾಣ್ತಿತ್ತಲ್ಲ, ‘ದೆವ್ವದ ಎಫೆಕ್ಟ್ ಸೂಪರ್ ಮಗಾ, ಯಾವ ಪೇಪರ್ ಅದು?’ ಅಂತ ಮೆಸೇಜು. ಇಂಪೋರ್ಟೆಡ್ ಅಂದೆ.

ನಿಜವಾದ ಕಥೆ ಮೈನ್‌ಕ್ರಾಫ್ಟ್ ಗೇಮ್‌ನ ರಾಕ್ಷಸ ಕ್ರೀಪರ್ರದು. ಆ ಗೇಮ್‌ನಾಗೆ ಎಲ್ಲ ಬರೀ ಡಬ್ಬಿ ಡಬ್ಬಿ, ಹಂಗಾಗಿ ಪೇಪರ್ ಕೆಲಸಕ್ಕೆ ಹೇಳಿ ಮಾಡಿಸಿದ್ದು, ಮಡಚೋ ಗೆರೆ ನೆಟ್ಟಗಿದ್ರೆ ಸಾಕು. ಆದ್ರೆ ಜೆರಾಕ್ಸ್ ಅಂಗಡಿ ಹುಡುಗ ಮೊದಲನೇ ಶೀಟ್ ಸರಿಯಾಗೇ ತೆಗೆದು, ಎರಡನೇದಕ್ಕೆ ಫೋನಲ್ಲಿ ಮಾತಾಡ್ತಾ ಮಾತಾಡ್ತಾ ಫಿಟ್ ಟು ಪೇಜ್ ಒತ್ತಿ ಹಾಳೆ ತುಂಬ ದೊಡ್ಡದು ಮಾಡಿದಾನೆ. ತಲೆ ಕುಂಬಳಕಾಯಿ ಗಾತ್ರ, ಮೈ ಮಾತ್ರ ಬಡಕಲು. ಅದೂ 200 ಜಿಎಸ್‌ಎಂನ ದಪ್ಪನೆ ಕಾರ್ಡ್ ಶೀಟ್ ಕೇಳಿದ್ರೆ ಮಾಮೂಲಿ 80ರ ತೆಳ್ಳಂದು ಹಾಕಿದ್ದ, ಕತ್ತು ನಿಲ್ಲೋದಾದ್ರೂ ಹೆಂಗೆ? ನಿಲ್ಲಿಸ್ದಾಗೆಲ್ಲ ಮುಂದಕ್ಕೆ ಮುಗ್ಗರಿಸೋದು, ಫ್ಯಾನ್ ಹಾಕಿದ್ರೆ ಮಂಚದ ಕೆಳಗೆ.

ಅವ್ವ ಕಸ ಹೊಡೆಯೋವಾಗ ಎಳೆದು ತೆಗೆದು, ‘ಇದ್ಯಾಕಲೇ, ಹಂದಿನ ನೆಟ್ಟಗೆ ನಿಲ್ಲಿಸಿ?’ ಅಂದ್ಲು.

ನಂಗೆ ಮೈ ಜುಮ್ ಅಂತು. ಯಾಕಂದ್ರೆ ಮೈನ್‌ಕ್ರಾಫ್ಟ್ ಮಾಡಿದ ಮಾರ್ಕಸ್ ಪರ್ಸನ್ ಮೊದಲು ಮಾಡಕ್ಕೆ ಹೋಗಿದ್ದು ಹಂದಿನೇ, ಉದ್ದ ಎತ್ತರ ಅದಲುಬದಲಾಗಿ ಅದು ಎದ್ದು ನಿಂತು ಕ್ರೀಪರ್ ಆಗಿದ್ದು. ಗೇಮೇ ಆಡ್ದೆ, ಬರೀ ಪೊರಕೆ ತುದಿಲಿ ತಿರುವಿ ನೋಡಿ ಅದನ್ನ ಹೇಳ್ಬಿಟ್ಲಲ್ಲ ನಮ್ಮವ್ವ! ಕಾಲಿಗೆ ಬೀಳೋಣ ಅನ್ನಿಸ್ತು. ಅಷ್ಟೊತ್ತಿಗೆ ಅವಳು ಅದನ್ನ ಮೊರದಾಗೆ ತುಂಬ್ಕೊಂಡು ಹೊರಗೆ ಹೋಗಿದ್ಲು.

ಮೊನ್ನೆ ಪಕ್ಕದ್ಮನೆ ಹುಡುಗ ‘ಅಣ್ಣಾ, ಪಬ್ಜಿ ಲೆವೆಲ್ ತ್ರೀ ಹೆಲ್ಮೆಟ್ ಮಾಡ್ಕೊಡು, ನನ್ ಸೈಜಿಗೆ’ ಅಂತ ಬೆನ್ನು ಹತ್ತಿದ. ಗೇಮ್‌ನಾಗೆ ಅದು ತಲೆಗೆ ಬೀಳೋ ಏಟನ್ನ 55 ಪರ್ಸೆಂಟ್ ಕಮ್ಮಿ ಮಾಡ್ತೈತೆ, ನಂದು ಬಿಸಿಲು ತಡೆದ್ರೆ ಹೆಚ್ಚು. ಫ್ರಿಜ್ಜಿನ ರಟ್ಟಿಗೆ ಕಪ್ಪು ಚಾರ್ಟ್ ಪೇಪರ್ ಸುತ್ತಿ ಮಾಡ್ಕೊಟ್ಟೆ, ಫೋಟೊಗೂ ಆಯ್ತಲ್ಲ ಅಂತ. ಅವನು ಅದನ್ನ ಹಾಕ್ಕೊಂಡು ಸೈಕಲ್ ಹತ್ತಿ ಸೀದಾ ಜಯದೇವ ಸರ್ಕಲ್ ಕಡೆ ಹೊಂಟ, ಅವರಮ್ಮ ನಮ್ಮನೆ ಬಾಗಿಲಿಗೆ ಬಂದು ಗಲಾಟೆ. ನಾನು ಚಪ್ಪಲಿನೂ ಹಾಕ್ಕೊಳ್ದೆ ಅವನ ಹಿಂದೆ ಓಡ್ತಾ ಇದ್ರೆ, ಪೇಪರ್ ಓದ್ತಿದ್ದ ಅಪ್ಪ ತಲೆ ಎತ್ತಿ ಕೇಳಿದ್ದು ಒಂದೇ, ‘ಐಎಸ್‌ಐ ಮಾರ್ಕ್ ಬರೆದಿದ್ದೆ ಏನ್ಲೇ?’